ಅತ್ತೆಯ ಬಾನಿಗೆ ಓಣಿಯ ಬಿಸಿ

ಗಂಡ ಸಂಗಮೇಶ ತೀರಿಕೊಂಡು, ಅವನ ಗಣಾರಾಧನೆ ಮುಗಿದು, ನೆಂಟರೆಲ್ಲ ತಮ್ಮ ತಮ್ಮ ಊರಿನ ಬಸ್ಸು ಹಿಡಿದ ಮರುದಿನ ಬೆಳಿಗ್ಗೆ ನಾನು ಎದ್ದು ಚಹಾ ಮಾಡಿದೆ. ಸಕ್ಕರೆ ಹಾಕಲು ಮರೆತೆ. ಯಾರೂ ಬೈಯಲಿಲ್ಲ. ಬೈಯುವ ಇಬ್ಬರಲ್ಲಿ ಒಬ್ಬನು ಹೋಗಿದ್ದ, ಇನ್ನೊಬ್ಬರು ಹಿತ್ತಲಿನಲ್ಲಿದ್ದರು.

“ದಾಕ್ಷೀ! ಓಡಿ ಬಾ! ಇತಿಹಾಸ ನಿಂತು ನಿನ್ನ ದಾರಿ ಕಾಯಾಕತ್ತೈತಿ!”

ಇತಿಹಾಸಕ್ಕೆ ಅಂಥ ಅವಸರವಿದ್ದಂತೆ ಕಾಣಲಿಲ್ಲ. ನಾನು ಕಪ್ಪು ಹಿಡಿದುಕೊಂಡೇ ನಿಧಾನವಾಗಿ ಹೋದೆ.

ಅತ್ತೆಯ ಹೆಸರು ನೀಲಾಂಬಿಕಾ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿ ಎಂದರೆ, ಅಲ್ಲಿಯವರೆಗೆ ವಿದ್ಯಾರ್ಥಿಗಳ ಮೇಲೆ ಮಾಡುತ್ತಿದ್ದ ಪ್ರಯೋಗಗಳನ್ನು ನೆರೆಹೊರೆಯವರ ಮೇಲೆ ಮಾಡುವುದು ಎಂದು ಅವರು ತಿಳಿದುಕೊಂಡಿದ್ದರು. ಹಿಂದಿನ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದರು. ಅದು ಹಿಟ್ಟು ಮುಗಿದ ಮೇಲೂ ನಿಲ್ಲದೆ ಅಡಿಗೆಮನೆಯ ಕಟ್ಟೆಯನ್ನೇ ಬಡಿದು ಬಡಿದು ಹಪ್ಪಳ ಮಾಡಿತ್ತು.

ಹಿತ್ತಲಿನ ಮಧ್ಯದಲ್ಲಿ ನಮ್ಮ ಹಾಟ್ ಟಬ್ ಇತ್ತು. ಅತ್ತೆ ಅದನ್ನು ಬಾನಿ ಎನ್ನುತ್ತಿದ್ದರು. ಅದರ ಪಕ್ಕದಲ್ಲಿ ಹಳೆಯ ಏರ್ ಕೂಲರಿನ ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಟಿವಿಯ ಡಿಶ್ಶು, ಡಿಶ್ಶಿನಿಂದ ಹೊರಟ ತಾಮ್ರದ ತಂತಿ. ತಂತಿಯ ಒಂದು ತುದಿ ನೀರಿನಲ್ಲಿತ್ತು, ಇನ್ನೊಂದು ಅಡಿಗೆಮನೆಯ ಕಿಟಕಿಯೊಳಗೆ ಹೋಗಿತ್ತು. ಯಾಕೆಂದು ನಾನು ಕೇಳಲಿಲ್ಲ. ಆ ದಿನಗಳಲ್ಲಿ ನಾನು ಏನನ್ನೂ ಕೇಳುತ್ತಿರಲಿಲ್ಲ.

“ಸ್ವಯಂಬೋಧಿತ ಉಷ್ಣಸಂಗ್ರಾಹಿ!” ಎಂದು ಅತ್ತೆ ಎರಡೂ ಕೈ ಚಾಚಿ ಘೋಷಿಸಿದರು.

“ಕನ್ನಡದಾಗ ಹೇಳ್ರಿ, ಅತ್ತಿ.”

“ಇದು ಕನ್ನಡಾನ! ಬಾನಿಗೆ ಚಳಿಗಾಲದ ತಯಾರಿ. ನೀರು ಬಿಡೂದು ಬ್ಯಾಡ, ಹೀಟರೂ ಬ್ಯಾಡ. ಜಗತ್ತಿನಾಗ ಬಿಸಿ ಏನ್ ಕಡಿಮಿ ಐತೇನು? ತಪ್ಪ ಜಾಗಾದಾಗ ಐತಿ, ಅಷ್ಟ. ಇದು ಅದನ್ನ ಹುಡಿಕಿ ಕರಕೊಂಡ ಬರತೈತಿ.”

ನೀರು ಬಿಡುವ ಮಾತು ಎಲ್ಲಿಂದ ಬಂತೆಂದರೆ, ಬಾನಿಯ ಮುಚ್ಚಳದ ಮೇಲೆ ಅದನ್ನು ಮಾಡಿದ ದೇಶದವರು ಒಂದು ಚೀಟಿ ಅಂಟಿಸಿದ್ದರು. ಚಳಿ ಬರುವ ಮೊದಲು ನೀರನ್ನು ಪೂರ್ತಿ ಖಾಲಿ ಮಾಡಬೇಕು, ಅಥವಾ ಚಳಿಗಾಲವಿಡೀ ಬಿಸಿಯಾಗಿಡಬೇಕು. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ ಎಂದು.

“ಬೆಳಗಾವಿಯೊಳಗ ನೀರು ಎಲ್ಲಿ ಹೆಪ್ಪುಗಟ್ಟತೈತ್ರಿ? ಇಲ್ಲೆ ಪೈಪ್ ಒಡಿಯೂದು ರಸ್ತೆ ಅಗದಾಗ ಅಷ್ಟ.”

“ನೀ ಸಂಖ್ಯಾಶಾಸ್ತ್ರದಾಕಿ. ಇದು ಭೌತಶಾಸ್ತ್ರ. ನಡುವ ಬಾಯಿ ಹಾಕಬ್ಯಾಡ.”

ವಿಷಯ ಪೈಪಿನದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಸಂಗಮೇಶ ರೆಸಾರ್ಟುಗಳಲ್ಲಿ ಪಂಪು, ಟಬ್ಬು ರಿಪೇರಿ ಮಾಡುತ್ತಿದ್ದ. ಒಂದು ರೆಸಾರ್ಟಿನವರು ಬೇಡವೆಂದು ಬಿಸಾಡಿದ ಈ ಬಾನಿಯನ್ನು ತಾಯಿಯ ಮೊಣಕಾಲು ನೋವಿಗೆಂದು ಹೊತ್ತು ತಂದ. ಒಂದು ಭಾನುವಾರ ಸೋರಿಕೆ ನೋಡಲು ನೀರು ತುಂಬಿಸಿದ. ಹೀಟರು ಸುಟ್ಟಿದೆ, ಹೊಸದು ತರುತ್ತೇನೆ ಎಂದ. ಮಂಗಳವಾರ ಕೆಲಸದಿಂದ ಬೈಕಿನಲ್ಲಿ ಹೊರಟಿದ್ದ. ಬರಲಿಲ್ಲ.

ಆದ್ದರಿಂದ ಅದು ಅವನು ತುಂಬಿಸಿದ ನೀರು. ಅದನ್ನು ಬಿಡಬೇಕೆಂದು ನಾನು ಅಂದರೆ ಕೆಟ್ಟವಳಾಗುತ್ತಿದ್ದೆ. ಅತ್ತೆ ಅಂದರೆ ಅವನು ಮತ್ತೊಮ್ಮೆ ಹೋದಂತೆ. ಹಾಗಾಗಿ ನಾವು ಬೇರೆ ದೇಶದ ಮಂಜಿನ ಬಗ್ಗೆ ಜಗಳವಾಡುತ್ತಿದ್ದೆವು.

“ಇದಕ್ಕ ಸ್ವಂತ ಬುದ್ಧಿ ಐತಿ. ಬಿಸಿ ಎಲ್ಲಿಂದ ಬರತೈತಿ ಅನ್ನೂದನ್ನ ತಾನ ನೋಡಿ ಕಲೀತೈತಿ. ಇಷ್ಟ ದಿನ ಅಡಿಗಿಮನ್ಯಾಗ ಕುಂಡ್ರಿಸಿ ಕಲಿಸೇನಿ.”

“ಏನ್ ಕಲತೈತ್ರಿ?”

“ಕಲತೈತಿ! ಏನ್ ಕಲತೈತಿ ಅಂತ ಕೇಳಿದ್ರ ಹೆಂಗ? ನನ್ನ ವಿದ್ಯಾರ್ಥಿಗಳನ್ನ ಎಂದಾರ ಕೇಳೇನೇನು?”

ಅತ್ತೆ ಸ್ವಿಚ್ಚು ಒತ್ತಿದರು. ಪೆಟ್ಟಿಗೆ ಗುಂಯ್‌ಗುಟ್ಟಿತು. ಡಿಶ್ಶು ಯಾರನ್ನೋ ಹುಡುಕುವಂತೆ ಅತ್ತಿತ್ತ ತಿರುಗಿತು. ಬಾನಿಯ ಮೇಲೆ ತೆಳ್ಳಗೆ ಹಬೆ ಎದ್ದಿತು. ಥರ್ಮಾಮೀಟರಿನ ಪಾದರಸ ಲಿಫ್ಟು ಹತ್ತಿದವರಂತೆ ಮೇಲೇರಿತು!

“ನೋಡಿದಿ? ನೋಡಿದಿ?”

ನಾನು ನೋಡಿದೆ. ನನ್ನ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿ, ಆ ಕೆನೆ ನಡುಗುತ್ತಿತ್ತು.

“ಅತ್ತಿ, ಚಹಾ ತಣ್ಣಗಾತು.”

“ನೀ ಕುಡಿಯೂದ ತಡಾ ಮಾಡ್ತಿ,” ಎಂದರು.

ಮೊದಲು ಬಂದವರು ಪಕ್ಕದ ಮನೆಯ ಕಸ್ತೂರಿ ಕಾಕು. ಎರಡೂ ಕೈಯಲ್ಲಿ ಇಡ್ಲಿ ಪಾತ್ರೆ ಎತ್ತಿಕೊಂಡು ಬಾಗಿಲಲ್ಲಿ ನಿಂತರು. ಮುಖ ಕೆಂಪಾಗಿತ್ತು, ಆದರೆ ಧ್ವನಿಯನ್ನು ಸಾವಿನ ಮನೆಗೆ ತಕ್ಕಂತೆ ತಗ್ಗಿಸಿದ್ದರು.

“ದುಃಖದ ಮನಿ. ಅನ್ನಬಾರದು.”

“ಅನ್ರಿ ಕಾಕು,” ಎಂದೆ.

“ಇಲ್ಲವಾ, ಅನ್ನಬಾರದು. ಆದ್ರ ತಾಸಿನಿಂದ ಒಲಿ ಮ್ಯಾಲ ಇಟ್ಟೇನಿ. ಹಿಟ್ಟು ಹಿಟ್ಟಿನಂಗ ಕುಂತೈತಿ! ಗ್ಯಾಸ್ ಉರಿಯಾಕತ್ತೈತಿ, ಉರಿಯೊಳಗ ಬೆರಳಿಟ್ರ ತಂಪ ಹತ್ತತೈತಿ! ಹಿಂಗ ಎಲ್ಲಾರ ಕಂಡೀಯೇನು?”

“ನೀವು ಬೆರಳ ಉರಿಯೊಳಗ ಇಟ್ರೇನು?”

“ನಾ ಯಾಕ ಇಡ್ಲಿ? ನಮ್ಮ ಮನಿಯವರದು ಇಟ್ಟ ನೋಡಿದೆ.”

ಅವರ ಹಿಂದೆಯೇ ಬ್ಯಾಂಕಿನ ಬಾಗೇವಾಡಿಯವರು ಬಂದರು. ಅಂಗಿಯ ಒಂದು ತೋಳು ಇಸ್ತ್ರಿಯಾಗಿತ್ತು, ಇನ್ನೊಂದು ದನ ಅಗಿದಂತಿತ್ತು. ನನ್ನನ್ನು ನೋಡಿದ ಕೂಡಲೇ ಕೈಮುಗಿದರು.

“ಧೈರ್ಯ ತಗೋಬೇಕ್ರಿ, ಮೇಡಂ. ಎಲ್ಲಾ ಅವನ ಇಚ್ಛೆ. ನಿಮ್ಮ ಹಿತ್ತಲದಾಗ ಅದೇನ್ ಗುಂಯ್ ಅನ್ನಾಕತ್ತೈತ್ರಿ?”

ಆ ಓಣಿಯಲ್ಲಿ ಮೊದಲು ಎಲ್ಲರೂ ಅತ್ತೆಯ ಯಂತ್ರಗಳನ್ನು ಬಾಯಿತುಂಬ ಬೈಯುತ್ತಿದ್ದರು. ಈಗ ಯಾರಿಗೂ ಬೈಯಲು ಬಾಯಿ ಬರುತ್ತಿರಲಿಲ್ಲ. ಹೊಸದಾಗಿ ಗಂಡನನ್ನು ಕಳೆದುಕೊಂಡವಳಿಗೆ ‘ನಿಮ್ಮಿಂದ ನನ್ನ ಹಾಲು ಕಾಯುತ್ತಿಲ್ಲ’ ಎಂದು ಹೇಗೆ ಹೇಳುವುದು? ಆದ್ದರಿಂದ ಬಂದವರೆಲ್ಲ ಮೊದಲು ಸಾಂತ್ವನ ಹೇಳಿ, ಆಮೇಲೆ ತಕರಾರು ಹೇಳಿ, ಹೋಗುವಾಗ ಮತ್ತೊಂದಿಷ್ಟು ಸಾಂತ್ವನ ಹೇಳಿ ಹೋದರು. ನನಗೆ ಅವನನ್ನು ಮಣ್ಣು ಮಾಡಿದ ದಿನವೂ ಅಷ್ಟು ಸಾಂತ್ವನ ಸಿಕ್ಕಿರಲಿಲ್ಲ. ಅಂದು ನಾನು ಅತ್ತಿರಲಿಲ್ಲ. ಬಂದವರಿಗೆ ಅದರಿಂದ ತುಸು ನಿರಾಸೆಯಾಗಿತ್ತು. ನನಗೇ ಆಗಿತ್ತು. ಎಂ.ಎಸ್ಸಿ. ಓದುವಾಗ ಸರಾಸರಿ ಮನುಷ್ಯರ ಬಗ್ಗೆ ಅಷ್ಟು ಕಲಿತರೂ ಸರಾಸರಿ ಹೆಂಡತಿಯ ಹಾಗೆ ಅಳುವುದು ನನಗೆ ಬರಲಿಲ್ಲ.

ನಾನು ಒಳಗೆ ಹೋಗಿ ಪ್ಲಗ್ಗು ಕಿತ್ತೆ.

ಗುಂಯ್‌ಗುಡುವುದು ನಿಲ್ಲಲಿಲ್ಲ.

“ಈಗ ಅದಕ್ಕ ಕರೆಂಟ್ ಬೇಕಾಗಿಲ್ಲ,” ಎಂದರು ಅತ್ತೆ. ಅವರ ಕಣ್ಣುಗಳು ಹೊಳೆಯುತ್ತಿದ್ದವು. “ತಾ ತಂದ ಬಿಸಿ ಮ್ಯಾಲ ತಾನ ನಡೀತೈತಿ. ಸ್ವಾವಲಂಬಿ!”

“ಮಂದಿ ಬಿಸಿ ಮ್ಯಾಲ ಬದಕೂದು ಸ್ವಾವಲಂಬನೆ ಹೆಂಗ ಆಗತೈತ್ರಿ?”

“ನೀ ಎಂ.ಎಸ್ಸಿ. ಆದಮ್ಯಾಲ ಏನ್ ಕೆಲಸಾ ಮಾಡೀ?”



ಮರುದಿನದ ಹೊತ್ತಿಗೆ ಓಣಿ ಶೀತಲಗೃಹವಾಗಿತ್ತು. ಹೊರಗೆ ಬಿಸಿಲಿತ್ತು, ಮನೆಗಳೊಳಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಹಾಲು ಕಾಯಲಿಲ್ಲ, ಬೇಳೆ ಬೇಯಲಿಲ್ಲ, ಕುಕ್ಕರು ಸೀಟಿ ಹೊಡೆಯುವ ಬದಲು ಸೀನಿತು. ಒಗ್ಗರಣೆಗೆ ಹಾಕಿದ ಸಾಸಿವೆ ಎಣ್ಣೆಯಲ್ಲಿ ಈಜಾಡಿತು. ಬಾಗೇವಾಡಿ ದಂಪತಿ ಪ್ರತಿದಿನ ಬೆಳಿಗ್ಗೆ ತಪ್ಪದೆ ಜಗಳವಾಡುವವರು. ಅಂದು ಜಗಳ ಅರ್ಧಕ್ಕೆ ಬಂದಾಗ ಇಬ್ಬರ ಸಿಟ್ಟೂ ಆರಿಹೋಗಿ, ಮುಂದೇನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರಂತೆ. ಲಾಭವಾದದ್ದು ಕಸ್ತೂರಿ ಕಾಕುವಿನ ಯಜಮಾನರಿಗೆ ಮಾತ್ರ. ಬೆರಳು ಉರಿಯಲ್ಲಿಟ್ಟ ಚಿಂತೆಯಲ್ಲಿ ಅವರಿಗೆ ಜ್ವರ ಬಂದಿತ್ತು; ಬಂದ ಜ್ವರ ಥರ್ಮಾಮೀಟರು ಹುಡುಕುವುದರೊಳಗೆ ನಮ್ಮ ಬಾನಿ ಸೇರಿತು.

ಬಾನಿ ಮಾತ್ರ ಕೊತಕೊತ ಎನ್ನುತ್ತಿತ್ತು. ಅದರ ಹಬೆಗೆ ವಾಸನೆಯೂ ಬಂದಿತ್ತು. ಬಿಸಿಯ ಜೊತೆಗೆ ಅಡಿಗೆಯ ಘಮವನ್ನೂ ಯಂತ್ರ ಎಳೆದು ತಂದಿತ್ತು. ಒಂದು ಬದಿಗೆ ನಿಂತರೆ ಸಾಂಬಾರು, ಇನ್ನೊಂದು ಬದಿಗೆ ಮೆಂತೆ ಪರೋಟ, ನಡುವೆ ಯಾರದೋ ಬೆಳ್ಳುಳ್ಳಿ ಚಟ್ನಿ.

ಮಧ್ಯಾಹ್ನ ಕಸ್ತೂರಿ ಕಾಕು ಮತ್ತೆ ಬಂದರು, ಈ ಸಲ ಹಿತ್ತಲಿನ ಬಾಗಿಲಿನಿಂದ. ಹಿಂದೆ ಓಣಿಯ ಅರ್ಧ ಹೆಂಗಸರು ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಕಾಕು ಏನೂ ಹೇಳದೆ ಇಡ್ಲಿ ಪಾತ್ರೆಗೆ ಹಗ್ಗ ಕಟ್ಟಿ ಬಾನಿಗೆ ಇಳಿಬಿಟ್ಟರು.

“ಏ ಕಸ್ತೂರಿ! ತಗೀ ಅದನ್ನ!”

“ಮಂದಿ ಉಪವಾಸ ಅದಾರ, ನೀಲಕ್ಕಾ. ಒಂದ್ ಒಬ್ಬೆ ಇಡ್ಲಿ ಬೇಯಿಸಿದ್ರ ನಿನ್ನ ಬಾನಿ ಏನ್ ಸವೀತೈತೇನು?”

“ತಗೀ ಅಂದ್ನೆಲ್ಲ! ಅದು ನನ್ನ ಮಗನ ನೀರು!”

ಯಂತ್ರವೂ ಒಂದು ಕ್ಷಣ ಗುಂಯ್‌ಗುಡುವುದನ್ನು ಮರೆತಂತಿತ್ತು. ಕಾಕು ಹಗ್ಗ ಎಳೆದು, ಇಡ್ಲಿ ಪಾತ್ರೆಯನ್ನು ಸೆರಗಿನಿಂದ ಒರೆಸಿ, “ತಪ್ಪಾತು ಅಕ್ಕಾ,” ಎಂದು ಹೊರಟರು. ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ಅತ್ತೆ ನನ್ನ ಕಡೆ ತಿರುಗಲಿಲ್ಲ. “ಅವರಿಗೇನು,” ಎಂದರು ನೀರಿಗೆ. “ಅವರ ಮನ್ಯಾಗ ನೀರು ದಿನಾ ನಲ್ಲಿಗೆ ಬರತಾವ.”

ಯಂತ್ರವನ್ನು ನಿಲ್ಲಿಸಬೇಕಿತ್ತು, ನೀರನ್ನು ಬಿಡುವಂತಿರಲಿಲ್ಲ. ಹೀಗೆ ಸಿಕ್ಕಿಹಾಕಿಕೊಂಡಾಗ ಮಾಡುವಂಥದ್ದು ನನ್ನ ವಿದ್ಯೆಯಲ್ಲಿ ಒಂದೇ ಇದೆ. ಯಾವ ಮನೆ ತಣ್ಣಗಾಗಿದೆ, ಯಾವುದು ಆಗಿಲ್ಲ ಎಂದು ಓಣಿಯಲ್ಲಿ ತಿರುಗಿ ನೋಡಿದೆ. ಒಂದು ಮನೆ ಆಗಿರಲಿಲ್ಲ. ಮೂಲೆಯ ಸವದತ್ತಿ ವಕೀಲರ ಮನೆ. ವಕೀಲರ ಹೆಂಡತಿ ಬಾಗಿಲು ತೆರೆದಾಗ ಒಳಗಿನಿಂದ ಬಜಿಯ ಬಿಸಿ ಬಂದು ಮುಖಕ್ಕೆ ಹೊಡೆಯಿತು.

“ನಿಮ್ಮ ಮನ್ಯಾಗ ಏನೂ ತಣ್ಣಗಾಗಿಲ್ಲೇನ್ರಿ?”

“ಇಲ್ಲವಾ! ನಮಗೇನಾಗತೈತಿ? ಎಲ್ಲಾ ಸುಡಸುಡ ಐತಿ. ಬಜಿ ತಿಂತೀಯೇನು? ಪಾಪ, ಆವತ್ತಿನಿಂದ ನಿನಗ ಒಂದ್ ತುತ್ತೂ ಕಳಿಸಾಕ ಆಗಿಲ್ಲ, ನಮ್ಮ ಕೆಲಸದಾಕಿ ಊರಿಗೆ ಹೋಗಿದ್ಲು…”

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವರು ಬಾಗಿಲು ಹಾಕಿಕೊಂಡರು. ನಾನು ಮನೆಗೆ ಓಡಿದೆ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ಬುತ್ತಿ ತರುತ್ತಾರೆ. ನಮ್ಮ ಮನೆಗೂ ಹೊತ್ತುಹೊತ್ತಿಗೆ ಡಬ್ಬಿಗಳು ಬಂದಿದ್ದವು, ಬಿಸಿ ಅನ್ನ, ಬಿಸಿ ರೊಟ್ಟಿ, ಬಿಸಿ ಉಪ್ಪಿಟ್ಟು. ನಾವು ತಿಂದಿದ್ದು ಕಡಿಮೆ. ಆದರೆ ಅಡಿಗೆಮನೆಯ ಮೂಲೆಯಲ್ಲಿ ಕುಳಿತ ಯಂತ್ರ ಎಲ್ಲವನ್ನೂ ನೋಡಿಕೊಂಡಿತ್ತು. ಈ ಮನೆಗೆ ಬಿಸಿ ಬರುವುದು ಒಲೆಯಿಂದಲ್ಲ, ನೆರೆಯವರಿಂದ ಎಂದು ಅದು ಕಲಿತಿತ್ತು! ಗಣಾರಾಧನೆ ಮುಗಿದು ಡಬ್ಬಿ ಬರುವುದು ನಿಂತಾಗ, ಏನೋ ತಡವಾಗಿರಬೇಕೆಂದು ತಾನೇ ತರಲು ಹೊರಟಿತ್ತು.

ಕಿಟಕಿಯೊಳಗೆ ಹೋಗಿದ್ದ ತಾಮ್ರದ ತಂತಿ ಕಪಾಟಿನಲ್ಲಿ ಮುಗಿಯುತ್ತಿತ್ತು. ಕಪಾಟಿನಲ್ಲಿ ಓಣಿಯ ಡಬ್ಬಿಗಳೆಲ್ಲ ತೊಳೆದಿಟ್ಟಂತೆ ಇದ್ದವು. ಅತ್ತೆ ಅವುಗಳನ್ನೆಲ್ಲ ಒಂದಕ್ಕೊಂದು ಪೋಣಿಸಿದ್ದರು. ನಾನು ಚಹಾ ಕುಡಿಯುತ್ತಿದ್ದ ಕಪ್ಪು ಕೂಡ ನಮ್ಮದಲ್ಲ, ಬಾಗೇವಾಡಿಯವರದು.

“ಏನ್ರೀ ಇದು, ಅತ್ತಿ?”

“ಸ್ಟೀಲ್ ಛಲೋ ವಾಹಕ. ಮ್ಯಾಲ ಪ್ರತಿ ಡಬ್ಬಿಗೂ ತನ್ನ ಮನಿ ಬಿಸಿ ಗುರುತ ಇರತೈತಿ. ಡಬ್ಬಿ ಹಿಡಕೊಂಡು ಹೊಂಟ್ರ ಆ ಮನಿ ಅಡಿಗಿ ಒಲಿಗೇ ಹೋಗಿ ಮುಟ್ಟತೈತಿ.” ಒಂದು ಡಬ್ಬಿಯನ್ನು ತಟ್ಟಿ, “ಇದು ನೊಬೆಲ್‌ಗೆ ಕಡಿಮಿ ಇಲ್ಲ,” ಎಂದರು.

“ಡಬ್ಬಿ ಹೊಳ್ಳಿ ಕೊಡಬೇಕ್ರಿ.”

“ಕೊಡೋಣಂತ. ಬ್ಯಾಸಿಗಿ ಬರಲಿ.”

“ಕಸ್ತೂರಿ ಕಾಕು ಎರಡ ದಿನದಿಂದ ಹಸಿ ಹಿಟ್ಟು ನೋಡಾಕತ್ತಾರ.”

ಅತ್ತೆ ಕಪಾಟಿಗೆ ಅಡ್ಡ ನಿಂತರು. ನಾನೂ ನಿಂತೆ. ಇಬ್ಬರೂ ಕುಳ್ಳಗಿದ್ದೇವೆ, ನೋಡಿದವರಿಗೆ ಏನೂ ಭಯಂಕರವಾಗಿ ಕಂಡಿರಲಿಕ್ಕಿಲ್ಲ. ಕೊನೆಗೆ ಅತ್ತೆ, “ಖಾಲಿ ಡಬ್ಬಿ ಕೊಡಬಾರದು, ಸಕ್ಕರಿ ಹಾಕಿ ಕೊಡು,” ಎಂದು ಸರಿದರು. ಸೋಲುವಾಗಲೂ ಅವರಿಗೆ ಕೊನೆಯ ಸೂಚನೆ ಕೊಡಲೇಬೇಕು.

ಪ್ರತಿ ಡಬ್ಬಿಗೂ ಒಂದು ಚಮಚ ಸಕ್ಕರೆ ಹಾಕಿ ಮನೆಮನೆಗೆ ಹೋದೆ. ಕಾಕುವಿನ ಕೈಗೆ ಡಬ್ಬಿ ಕೊಟ್ಟೆನೋ ಇಲ್ಲವೋ, ಒಳಗೆ ಇಡ್ಲಿ ಪಾತ್ರೆ ಬುಸ್ ಎಂದಿತು! ಬಾಗೇವಾಡಿಯವರಿಗೆ ಕಪ್ಪು ಕೊಟ್ಟೆ. ನಾನು ಗೇಟು ದಾಟುವುದರೊಳಗೆ ಗಂಡಹೆಂಡಿರ ಜಗಳ ಬಿಟ್ಟಲ್ಲಿಂದ ಶುರುವಾಯಿತು. ಓಣಿಯುದ್ದಕ್ಕೂ ಕುಕ್ಕರುಗಳು ಸೀಟಿ ಹೊಡೆದವು. ಹಿಂತಿರುಗಿದಾಗಲೆಲ್ಲ ಅತ್ತೆ ಥರ್ಮಾಮೀಟರು ನೋಡಿ, “ಇಳೀತು. ಮತ್ತ ಇಳೀತು. ನೀ ನನ್ನ ಸೊಸಿ ಅಲ್ಲ, ಫ್ರಿಜ್ಜು,” ಎನ್ನುತ್ತಿದ್ದರು.

ಕೊನೆಯ ಡಬ್ಬಿಯೂ ಹೋಯಿತು. ಪಾದರಸ ಅರ್ಧಕ್ಕೆ ಬಂದು ನಿಂತಿತು. ಮುಂದೆ ಇಳಿಯಲಿಲ್ಲ. ಡಿಶ್ಶು ಎದುರುಮನೆಯ ಕಡೆ ತಿರುಗಿ, ಅಲ್ಲೇ ನಿಂತು ಗುಂಯ್‌ಗುಟ್ಟಿತು.

ಎದುರುಮನೆ ಜಿನ್ನಪ್ಪ ಚೌಗುಲೆಯವರದು. ಒಂಟಿ ಮನುಷ್ಯರು, ಊಟಕ್ಕೆ ಖಾನಾವಳಿಗೆ ಹೋಗುವವರು. ಅವರು ನಮಗೆ ಡಬ್ಬಿ ಕಳಿಸಲು ಸಾಧ್ಯವೇ ಇರಲಿಲ್ಲ. ಯಾರಿಗೂ ಏನನ್ನೂ ಕೊಡುವವರಲ್ಲ ಎಂದು ಓಣಿಯಲ್ಲಿ ಹೆಸರು ಬೇರೆ. ತಕರಾರು ಹೇಳಲೂ ಅವರು ಬಂದಿರಲಿಲ್ಲ.

ಬಾಗಿಲು ತಟ್ಟಿದೆ. ತೆರೆದವರು ಮಂಕಿ ಟೋಪಿ, ಅದರ ಮೇಲೆ ಮಫ್ಲರು, ಎರಡು ಸ್ವೆಟರು, ಎಲ್ಲದರ ಮೇಲೆ ಕಂಬಳಿ ಹೊದ್ದಿದ್ದರು. ಮೂಗು ಮಾತ್ರ ಮನುಷ್ಯರದೆಂದು ತಿಳಿಯುತ್ತಿತ್ತು. ಅವರ ಹಿಂದೆ ಗೋಡೆಯ ಮೇಲೆ ಬೆವರು ಮುತ್ತಿನಂತೆ ಗಟ್ಟಿಯಾಗಿ ನಿಂತಿತ್ತು.

“ಕಾಕಾ, ಎಷ್ಟ ದಿನದಿಂದ ಹಿಂಗ?”

“ಹೆಂಗ? ಏನಿಲ್ಲ. ಚಳಿಗಾಲ. ಚಳಿ ಇರತೈತಿ.”

“ಹೇಳಾಕ ಬರಬೇಕೋ ಬ್ಯಾಡೋ?”

“ಏನ್ ಹೇಳ್ಲಿ?” ಹಲ್ಲು ಕಟಕಟ ಎನ್ನುತ್ತಿದ್ದವು. “ನಿಮ್ಮ ಮನ್ಯಾಗ ಅಷ್ಟ ದೊಡ್ಡದ ಆಗೈತಿ. ನಾ ಬಂದು ನನಗ ಥಂಡಿ ಹತ್ತೈತಿ ಅನ್ಲೇನು?”

“ನೀವು ನಮಗ ಏನಾರ ಕೊಟ್ಟಿದ್ರೇನು?”

“ಇಲ್ಲ.”

“ನೆನಪ ಮಾಡ್ಕೋರಿ.”

“ನಿನಗ ಏನೂ ಕೊಟ್ಟಿಲ್ಲವಾ.”

“ಮತ್ತ ಯಾರಿಗೆ?”

ಅವರು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡರು. ನನ್ನ ಮುಖ ಬಿಟ್ಟು ಬೇರೆ ಎಲ್ಲವನ್ನೂ ನೋಡಿದರು.

“ಪೈಪ್ ಪಾನಾ,” ಎಂದರು ಕೊನೆಗೆ. “ಆ ಭಾನುವಾರ ಒಯ್ದಿದ್ದ. ಸಂಜಿಕೆ ತಂದ ಕೊಡ್ತೀನಿ ಕಾಕಾ ಅಂದಿದ್ದ. ಅದೇನ್ ದೊಡ್ಡದಲ್ಲ. ಬಿಡು.”

ಸಂಗಮೇಶನಿಗೆ ಎಲ್ಲರೂ ಕೊಡುತ್ತಿದ್ದರು. ಯಾರಿಗೂ ಕೊಡದವರು ಕೂಡ.

ಪಾನಾ, ಪೈಪು ಬಿಗಿಯುವ ಆ ಸ್ಪ್ಯಾನರು, ಸಿಕ್ಕಿದ್ದು ಬಾನಿಯ ತಳದ ಹೊರಬದಿಯಲ್ಲಿ. ನೀರು ಬಿಡುವ ತೂಬಿನ ಹಿಡಿ ಮುರಿದಿತ್ತು. ಅವನು ತೂಬಿನ ಕತ್ತಿಗೆ ಪಾನಾವನ್ನು ಕಚ್ಚಿಸಿ, ಅದು ಜಾರದಂತೆ ಒಂದು ಇಟ್ಟಿಗೆ ಆನಿಸಿಟ್ಟಿದ್ದ. ಬೇರೆಯವರ ಸಾಮಾನು ಹಿಡಿದು ಬೇರೆಯವರ ಮನೆಗೆ ಹೋಗುವುದನ್ನು ಕಲಿತಿದ್ದ ಯಂತ್ರ, ಡಬ್ಬಿಗಳೆಲ್ಲ ಹೋದ ಮೇಲೆ ಈ ಕಬ್ಬಿಣವನ್ನೇ ಹಿಡಿದುಕೊಂಡಿತ್ತು. ಪಾನಾ ತೆಗೆಯಬೇಕು. ತೆಗೆದರೆ ನೀರು ಹೋಗುತ್ತದೆ. ಅಷ್ಟೇ.

ನಾನು ಅತ್ತೆಗೆ ಹೇಳಿದೆ. ಅವರು ಬಗ್ಗಿ ತೂಬನ್ನು ನೋಡಿದರು.

“ಬೇರೆ ಪಾನಾ ಹಾಕೋಣ,” ಎಂದರು.

“ಒಂದು ತಗದು ಇನ್ನೊಂದು ಹಾಕೂದ್ರಾಗ ನೀರು ಹೋಗತೈತ್ರಿ.”

“ಜಿನ್ನಪ್ಪಗ ಹೊಸಾದು ಕೊಡಸೋಣ.”

“ಹೊಸಾದು ಕೊಟ್ರ ಈ ಪಾನಾ ಅವರದಽ ಇರತೈತ್ರಿ. ಮನಿ ಥಂಡೀನ ಇರತೈತಿ.”

ಅಷ್ಟರಲ್ಲಿ ಕಂಬಳಿಯ ಗಂಟೊಂದು ಹಿತ್ತಲಿನ ಬಾಗಿಲಲ್ಲಿ ಕಾಣಿಸಿಕೊಂಡಿತು.

“ನೀಲಕ್ಕಾರ, ಗಡಬಡಿ ಏನಿಲ್ರಿ,” ಎಂದಿತು ಗಂಟು. “ನನಗ ರೂಢಿ ಆಗೈತಿ. ಇನ್ನೇನು, ಶಿವರಾತ್ರಿ ಆದ್ರ ಬ್ಯಾಸಿಗಿ. ಅಲ್ಲೀತನಕಾ ಇರಲಿ ಬಿಡ್ರಿ.”

ಇಷ್ಟು ಹೇಳುವುದರಲ್ಲಿ ಮೂರು ಸಲ ಸೀನಿದರು.

ಅತ್ತೆ ಗಂಟನ್ನು ನೋಡಿದರು, ಬಾನಿಯನ್ನು ನೋಡಿದರು. ಆಮೇಲೆ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಬಾನಿಯ ಅಂಚಿನ ಮೇಲೆ ಕುಳಿತು, ಕಾಲುಗಳನ್ನು ನೀರಿಗೆ ಬಿಟ್ಟರು. ಅವರು ಆ ನೀರು ಮುಟ್ಟಿದ್ದು ಅದೇ ಮೊದಲು.

“ಹದಾ ಐತಿ,” ಎಂದರು. “ಇನ್ನೊಂಚೂರು ಬಿಸಿ ಇದ್ರ ಛಲೋ ಆಕ್ಕಿತ್ತು. ಏ ದಾಕ್ಷಿ, ಯಾಕ ಕಂಬದಂಗ ನಿಂತೀ? ಕುಂಡ್ರು.”

ಕುಳಿತೆ. ಸ್ವಲ್ಪ ಹೊತ್ತು ನಾಲ್ಕು ಕಾಲುಗಳು ನೀರಿನಲ್ಲಿದ್ದವು. ನೀರಿಗೆ ಇನ್ನೂ ಮೆಂತೆಯ ವಾಸನೆ. ನನ್ನ ಮುಖ ಒದ್ದೆಯಾಯಿತು. ಹಬೆಯಿಂದ ಎಂದು ಅತ್ತೆ ತಿಳಿದುಕೊಂಡಂತೆ ಮಾಡಿದರು. ಅವರ ಮುಖವನ್ನು ನೋಡಿ ನಾನೂ ಹಾಗೇ ಮಾಡಿದೆ.

“ಗಟಾರಕ್ಕ ಬಿಡಾಂಗಿಲ್ಲ,” ಎಂದು ಅತ್ತೆ ಎದ್ದರು. “ಕಸ್ತೂರೀ! ಓಣಿ ಮಂದಿನ್ನ ಕರಿ! ಬಕೆಟ್ ತರಾಕ ಹೇಳು! ಎರಡ ದಿನದಿಂದ ಯಾರೂ ಜಳಕಾ ಮಾಡಿಲ್ಲ, ವಾಸನಿ ಇಲ್ಲಿತನಕಾ ಹೊಡಿಯಾಕತ್ತೈತಿ!”

ಓಣಿಗೆ ಓಣಿಯೇ ಬಂತು. ಬಕೆಟ್ಟು, ಕೊಡ, ತಪ್ಪೇಲಿ. ಬಾಗೇವಾಡಿಯವರು ಬೇರೆ ಸಿಗದೆ ಪ್ರೆಶರ್ ಕುಕ್ಕರು ತಂದಿದ್ದರು. ಸವದತ್ತಿ ವಕೀಲರ ಹೆಂಡತಿ ಎಲ್ಲರಿಗಿಂತ ದೊಡ್ಡ ಹಂಡೆಯನ್ನು ತಂದರು, ತುಂಬ ಬಜಿ ತುಂಬಿಕೊಂಡು. ಅತ್ತೆ ಒಬ್ಬೊಬ್ಬರಿಗೂ ತಾವೇ ಮೊಗೆದು ಕೊಟ್ಟರು. “ಚೆಲ್ಲಬ್ಯಾಡ್ರಿ. ನನ್ನ ಮಗಾ ತುಂಬಿಸಿದ್ದು,” ಎಂದು ಪ್ರತಿಯೊಬ್ಬರಿಗೂ ಹೇಳಿದರು. ಕಾಕು ತಮ್ಮ ಬಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಂದು ಹನಿಯೂ ತುಳುಕದಂತೆ ಹೆಜ್ಜೆ ಎಣಿಸುತ್ತ ಹೋದರು.

ಬಾನಿಯ ತಳ ಕಂಡಾಗ ನಾನು ಇಟ್ಟಿಗೆ ಸರಿಸಿ ಪಾನಾ ಬಿಡಿಸಿದೆ.

ಆಗ ಯಂತ್ರ ಕೊನೆಯ ಪಾಠವನ್ನು ಒಪ್ಪಿಸಿತು. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು ಎಂಬುದನ್ನೂ ಅದು ನೋಡಿ ಕಲಿತಿತ್ತು. ಡಿಶ್ಶು ಗರಗರ ಸುತ್ತಿ, ತನ್ನಲ್ಲಿ ಉಳಿದಿದ್ದ ಬಿಸಿಯನ್ನೆಲ್ಲ ಓಣಿಗೆ ವಾಪಸು ತೂರಿತು. ಅದು ಸಾಲದೆಂದು ನಮ್ಮ ಮನೆಯದನ್ನೂ ಸೇರಿಸಿ ಕೊಟ್ಟಿತು! ಚೌಗುಲೆ ಕಾಕಾ ನಿಂತಲ್ಲೇ ಕಂಬಳಿ ಒಗೆದು, ಮಫ್ಲರು ಬಿಚ್ಚಿ, ಎರಡನೆಯ ಸ್ವೆಟರಿಗೆ ಕೈ ಹಾಕಿದಾಗ ಹೆಂಗಸರು ಮುಖ ತಿರುಗಿಸಬೇಕಾಯಿತು. ಸವದತ್ತಿಯವರ ಗೇಟಿನ ಮಾವಿನ ಮರ ಡಿಸೆಂಬರಿನಲ್ಲಿ ಹಣ್ಣು ಉದುರಿಸಿತು. ನಮ್ಮ ಬಾನಿಯ ತಳದಲ್ಲಿ ಉಳಿದ ನಾಲ್ಕು ಬೊಗಸೆ ನೀರು ಬೆಳ್ಳಗಾಗಿ, ಗಟ್ಟಿಯಾಗಿ, ಮಂಜುಗಡ್ಡೆಯಾಯಿತು. ಪೈಪು ಟಪ್ ಎಂದು ಒಡೆಯಿತು.

ಅತ್ತೆ ಕುಣಿದಾಡಿದರು. “ನೋಡಿದಿ? ಬೆಳಗಾವಿಯೊಳಗ ಹೆಪ್ಪುಗಟ್ಟಿತೋ ಇಲ್ಲೋ? ಪೈಪ್ ಒಡೀತೋ ಇಲ್ಲೋ? ನಾ ಏನ್ ಹೇಳಿದ್ದೆ!”

ಮರುದಿನ ಓಣಿಯೆಲ್ಲ ಕೆಲಸಕ್ಕೆ ಹೋಯಿತು, ಒಬ್ಬರು ಇನ್ನೊಬ್ಬರ ಮನೆಯ ನಾಷ್ಟಾದ ವಾಸನೆ ಹೊತ್ತುಕೊಂಡು. ಬಾಗೇವಾಡಿಯವರು ಸಾಂಬಾರಿನಂತೆ ಘಮಘಮಿಸಿದ್ದರಿಂದ ಬ್ಯಾಂಕಿಗೆ ಬಂದ ಗಿರಾಕಿಗಳು ಕೆಲಸ ಮುಗಿದರೂ ಕೌಂಟರು ಬಿಟ್ಟು ಹೋಗಲಿಲ್ಲವಂತೆ.

ನಾನು ಪಾನಾ ಒರೆಸಿ ಎದುರುಮನೆಗೆ ಹೋದೆ. ಪಾನಾದಲ್ಲಿ ಸಕ್ಕರೆ ನಿಲ್ಲುವುದಿಲ್ಲ. ಆದ್ದರಿಂದ ಒಂದು ಮಾವಿನ ಹಣ್ಣನ್ನು ಅದರ ಬಾಯಿಗೆ ಕಚ್ಚಿಸಿ ಕೊಟ್ಟೆ. ಚೌಗುಲೆ ಕಾಕಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸುಮ್ಮನೆ ತಿರುಗಿಸಿ ನೋಡಿದರು.

“ಸಂಜಿಕೆ ಕೊಡ್ತೀನಿ ಅಂದಿದ್ದ,” ಎಂದರು. “ಕೊಟ್ಟಂಗಾತು.”

“ಹೂಂ.”

“ನಿಮ್ಮದು ಜಳಕಾ ಆತೇನವಾ?”

“ಎಲ್ಲಾರದು ಆತ್ರಿ. ನಮ್ಮಿಬ್ಬರದಽ ಆಗಿಲ್ಲ. ಮನಿ ಥಂಡಿ ಬಿಟ್ಟಿಲ್ಲ, ಒಲಿ ಮ್ಯಾಲ ನೀರ ಕಾಯಾಕ ಒಲ್ಲೆ ಅಂತಾವ.”

ಅವರು ಒಳಗೆ ಹೋಗಿ ಬಿಸಿನೀರಿನ ಬಕೆಟ್ಟು ತಂದು ನನ್ನ ಮುಂದೆ ಇಟ್ಟರು. ಯಾರಿಗೂ ಏನನ್ನೂ ಕೊಡದ ಮನುಷ್ಯರು.

“ಬಕೆಟ್ ಮಾತ್ರ ಇವತ್ತ ಹೊಳ್ಳಿ ಕೊಡ್ರಿ,” ಎಂದರು. “ನಿಮ್ಮ ಅತ್ತಿ ಕಣ್ಣಿಗೆ ಬೀಳೂದ್ರಾಗ.”